ಮೀನಿಲ್ಲದ ನೀರಿಗೆ ಕಾವಲು

1984ರ ಯುಗಾದಿ ಕಳೆದ ಮರುವಾರ, ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿದ್ದ ಗಾಜಿನ ತೊಟ್ಟಿಯಲ್ಲಿ ನಾನು ಬಿಟ್ಟಿದ್ದ ಆರು ಮೀನುಗಳೂ ಸತ್ತವು. ಕೊನೆಯದು ಸತ್ತದ್ದು ಗುರುವಾರ ಸಂಜೆ, ನಾನು ಕೂಡ್ಲಿಗಿಯ ಆಫೀಸಿನಿಂದ ಬಂದು ಬಸ್ಸಿಳಿಯುವ ಹೊತ್ತಿಗೆ. ಗೋಡೆಯಾಚೆ ಅಣ್ಣನ ಮನೆಯ ತೊಟ್ಟಿಯಲ್ಲಿ, ಅದೇ ಅಂಗಡಿಯಿಂದ ತಂದ ಅದೇ ಜಾತಿಯ ಮೀನುಗಳು ಓಡಾಡಿಕೊಂಡಿದ್ದವು. ಅಪ್ಪ ಅವುಗಳ ಮುಂದೆ ಕೂತಿದ್ದ.

ಗೋಡೆಯ ವಿಷಯ ಮೊದಲು ಹೇಳಬೇಕು. ಅವ್ವ ತೀರಿಕೊಂಡ ಮೇಲೆ ಅಣ್ಣ ಮತ್ತು ನಾನು ಪಾಲಾದೆವು. ಇದ್ದ ಒಂದೇ ಮನೆಯ ಪಡಸಾಲೆಯ ನಡುವೆ ಗೋಡೆ ಎದ್ದಿತು. ಮುಂದಿನ ಕಟ್ಟೆ ಮಾತ್ರ ಎರಡೂ ಮನೆಗೆ ಒಂದೇ ಉಳಿಯಿತು. ಅಪ್ಪನ ಊಟ, ಹಾಸಿಗೆ ನನ್ನ ಪಾಲಿಗೆ ಬಂತು. ಹಿರಿಯರು ಹಾಗೆ ಹೇಳಿದಾಗ ಅಣ್ಣ ತಲೆ ಬಗ್ಗಿಸಿ ನೆಲ ನೋಡುತ್ತಿದ್ದ. ಗೆದ್ದವನು ನಾನೇ ಎಂದು ಅಂದು ಅನ್ನಿಸಿತ್ತು.

ಅಪ್ಪ ಊರಲ್ಲಿ ಬಹಳ ವರ್ಷ ಖಾನಾವಳಿ ನಡೆಸಿದವನು. ರೊಟ್ಟಿ, ಪಲ್ಯ, ಗಡಿಗೆ ಮೊಸರು. ಮೊಣಕಾಲು ಹಿಡಿದ ಮೇಲೆ ಖಾನಾವಳಿಯನ್ನು ಬೇರೆಯವರಿಗೆ ಕೊಟ್ಟು ಮನೆಯಲ್ಲಿ ಕೂತ. ಕೂತು ರೂಢಿಯಿಲ್ಲದ ಮನುಷ್ಯ. ಹಗಲೆಲ್ಲ ಕಟ್ಟೆಯ ಮೇಲೆ ಹೋಗಿಬರುವವರನ್ನು ಮಾತಾಡಿಸುತ್ತಿದ್ದ. ಸಂಜೆ ನಾನು ಬರುವ ಹೊತ್ತಿಗೆ ನನಗಾಗಿ ಕಾದಿರುತ್ತಿದ್ದ. ಆಫೀಸಿನಲ್ಲಿ ಏನಾಯಿತು, ಹೊಸಹಳ್ಳಿ ಕಡೆ ಮಳೆ ಬಂತೇ, ಬಸ್ಸಿನಲ್ಲಿ ಯಾರು ಸಿಕ್ಕಿದ್ದರು, ಎಲ್ಲವೂ ಬೇಕು. ನಾನು ಹೇಳುತ್ತಿದ್ದೆ. ಹೆಚ್ಚು ಏನೂ ಇಲ್ಲದ ದಿನ ಸ್ವಲ್ಪ ಸೇರಿಸಿಯೂ ಹೇಳುತ್ತಿದ್ದೆ.

ಅಣ್ಣನದು ಬಟ್ಟೆ ಅಂಗಡಿ. ಮಾಲು ತರಲು ದಾವಣಗೆರೆಗೆ ಹೋಗಿಬರುವವನು. ಹಾಗೆ ಹೋದಾಗ ಒಮ್ಮೆ ಗಾಜಿನ ತೊಟ್ಟಿ, ಗಾಳಿ ಊದುವ ಸಣ್ಣ ಯಂತ್ರ, ಒಂದಿಷ್ಟು ಬಣ್ಣದ ಮೀನು ತಂದ. ನಮ್ಮ ಓಣಿಯಲ್ಲಿ ಅಂಥದ್ದು ಅದೇ ಮೊದಲು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮೀನು ಎಂಬ ಮಾತೇ ಒಳಗೆ ಬರದ ಮನೆ. ಎದುರು ಮನೆಯ ಮುದುಕಿಯೊಬ್ಬಳು ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡು ಕೇಳಿದಳು.

"ಯಾಕಪಾ, ಜಂಗಮರು ಬರೋ ಮನ್ಯಾಗ ಮೀನು ತಂದಿಟ್ಟೀಯಲ್ಲೋ?"

"ತಿನ್ನಾಕ ಅಲ್ಲಬೇ, ನೋಡಾಕ," ಅಂದ ಅಣ್ಣ.

"ನೋಡ್ತಾ ನೋಡ್ತಾ ಬಾಯಿ ರುಚಿ ಹತ್ತಿದ್ರ?"

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಮರುದಿನದಿಂದ ಸಂಜೆ ನಾನು ಬಸ್ಸಿಳಿದು ಬಂದರೆ ಕಟ್ಟೆ ಖಾಲಿ. ಅಪ್ಪನ ಚಪ್ಪಲಿ ಅಣ್ಣನ ಬಾಗಿಲ ಮುಂದೆ ಇರುತ್ತಿದ್ದವು. ನಾನು ಕೈಕಾಲು ತೊಳೆದು ಚಹಾ ಕುಡಿಯುವಾಗ ಗೋಡೆಯಾಚೆಯಿಂದ ಅವನ ಕೆಮ್ಮು, ಮಾತು, ನಗು ಕೇಳುತ್ತಿತ್ತು. ಊಟಕ್ಕೆ ಬರುತ್ತಿದ್ದ. ಬಂದರೆ ಮೀನಿನದೇ ಸುದ್ದಿ. ಯಾವುದು ಯಾವುದನ್ನು ಅಟ್ಟಿಸಿಕೊಂಡು ಹೋಯಿತು, ಯಾವುದು ಕಲ್ಲಿನ ಸಂದಿಯಲ್ಲಿ ಅಡಗಿತು. ಹೊಸಹಳ್ಳಿ ಮಳೆಯನ್ನು ಕೇಳುವುದು ಬಿಟ್ಟಿದ್ದ.

ಒಂದು ರಾತ್ರಿ ರೊಟ್ಟಿ ಬಡಿಯುತ್ತಾ ನನ್ನ ಹೆಂಡತಿ ಮೆಲ್ಲಗೆ ಅಂದಳು: "ಮಾವಾರ ಊಟ ನಮ್ಮನ್ಯಾಗ, ನಗು ಅವರ ಮನ್ಯಾಗ."

ಅವಳು ಆಡಿದ ಮಾತು ನನ್ನೊಳಗೆ ಆಗಲೇ ಇತ್ತು. ಹೊಟ್ಟೆಕಿಚ್ಚು ಎಂದು ಅದಕ್ಕೆ ಹೆಸರು. ಅಣ್ಣನ ಅಂಗಡಿ, ಅಣ್ಣನ ರೇಡಿಯೊ, ಅಣ್ಣನ ಮೋಟಾರ್ ಸೈಕಲ್, ಯಾವುದನ್ನು ಕಂಡೂ ಅದು ಎದ್ದಿರಲಿಲ್ಲ. ಆ ಜೋಡಿ ಚಪ್ಪಲಿ ಕಂಡಾಗ ಎದ್ದಿತು.

ಹರಪನಹಳ್ಳಿಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವವನೊಬ್ಬ ಹೇಳಿದರೆ ಗಾಜಿನ ತೊಟ್ಟಿ ಮಾಡಿಕೊಡುತ್ತಾನೆ ಎಂದು ತಿಳಿಯಿತು. ಅಣ್ಣನದಕ್ಕಿಂತ ಒಂದು ಗೇಣು ಉದ್ದ ಇರಲಿ ಎಂದು ಹೇಳಿ ಮಾಡಿಸಿದೆ. ಅದನ್ನು ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಇಟ್ಟುಕೊಂಡು ತಂದೆ. ಕಂಡಕ್ಟರ್ ಬಗ್ಗಿ ಒಳಗೆ ನೋಡಿ, "ಇವರು ಎಲ್ಲಿಗ್ರಿ?" ಎಂದು ಕೇಳಿದ. ಹಿಂದಿನ ಸೀಟಿನವರಾರೋ, "ಕೊಟ್ಟೂರಿಗೇ, ಗಾಜಿನ ಗೌಡ್ರು," ಅಂದರು.

ತೊಟ್ಟಿ ಬಂದ ದಿನ ಅಣ್ಣ ನೋಡಲು ಬಂದ. ಸುತ್ತ ತಿರುಗಿ, ನೀರು ಸೋರದಂತೆ ಮೂಲೆಗಳಿಗೆ ಬಳಿದ ಪುಟ್ಟಿಯನ್ನು ಉಗುರಿನಿಂದ ಮುಟ್ಟಿ ನೋಡಿದ.

"ಚಲೋ ಐತಿ. ಆದ್ರ ಮೀನು ಈಗಲೇ ಬಿಡಬ್ಯಾಡ ತಮ್ಮಾ. ನೀರು ಹಳೇದಾಗಬೇಕು. ಒಂದ್ಸಲ ಅಕ್ಕಿ ತೊಳೆದ ನೀರಿನಂಗ ಮಬ್ಬಾಗ್ತೈತಿ, ಆಮ್ಯಾಲೆ ತಾನ ತಿಳಿ ಆಗ್ತೈತಿ. ಅಲ್ಲೀತನ ತಡಿ."

"ಎಷ್ಟು ದಿನ?"

"ಅದು ನೀರಿಗೇ ಗೊತ್ತು. ತಿಂಗಳ ಮ್ಯಾಲೂ ಆಗಬೌದು."

ತಿಂಗಳು ಎಂದರೆ ಇನ್ನೂ ಒಂದು ತಿಂಗಳು ಅಪ್ಪನ ಸಂಜೆಗಳು ಗೋಡೆಯ ಆಚೆಗೇ. ಅವನು ಬೇಕೆಂದೇ ಹಾಗೆ ಹೇಳುತ್ತಿದ್ದಾನೆ ಎಂದು ತಿಳಿದೆ. ಮರು ಭಾನುವಾರವೇ ದಾವಣಗೆರೆಗೆ ಹೋಗಿ ಆರು ಮೀನು ತಂದು ಬಿಟ್ಟೆ. ಅಪ್ಪ ಆ ಸಂಜೆ ನಮ್ಮ ಪಡಸಾಲೆಯಲ್ಲಿ ಕೂತ. ಮರುದಿನವೂ ಕೂತ. ಮೂರನೆಯ ದಿನ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡತೊಡಗಿದವು. ಗುರುವಾರದ ಹೊತ್ತಿಗೆ ಏನಾಯಿತು ಎಂಬುದನ್ನು ಆಗಲೇ ಹೇಳಿದ್ದೇನೆ.

ಅಣ್ಣ ಬಂದು ನೋಡಿದ. ಹೇಳಿದ್ದೆನಲ್ಲ ಎಂದು ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು.

ಕಾರಣ ಏನೆಂದು ಆಮೇಲೆ ತಿಳಿದುಕೊಂಡೆ. ಮೀನಿನ ಹೇಲು, ಉಳಿದ ಆಹಾರ ನೀರಿನಲ್ಲಿ ವಿಷವಾಗುತ್ತವೆ. ಆ ವಿಷವನ್ನು ತಿಂದು ಅರಗಿಸುವ, ಕಣ್ಣಿಗೆ ಕಾಣದ ಜೀವಾಣುಗಳು ಮರಳಿನಲ್ಲಿ, ಕಲ್ಲಿನ ಮೇಲಿನ ಲೋಳೆಯಲ್ಲಿ ಬೆಳೆಯಬೇಕು. ಹೊಸ ತೊಟ್ಟಿಯಲ್ಲಿ ಅವು ಇರುವುದಿಲ್ಲ. ಅವು ಬೆಳೆಯುವ ಮೊದಲು ಬಿಟ್ಟ ಮೀನು ತನ್ನದೇ ಹೊಲಸಿನಲ್ಲಿ ಸಾಯುತ್ತದೆ. ನೀರು ನೋಡಲು ಸ್ಫಟಿಕದಂತೆ ಇರುವಾಗಲೇ ಹೆಚ್ಚು ಅಪಾಯ.

ಎರಡನೆಯ ಸಲ ನಾನು ಮೀನು ತರಲಿಲ್ಲ. ಸಿಹಿನೀರಿನ ಬಾವಿಯಿಂದ ನೀರು ತಂದು ತುಂಬಿ, ಗಾಳಿಯ ಯಂತ್ರ ಹಚ್ಚಿ ಕಾದೆ. ಒಂದು ವಾರಕ್ಕೆ ನೀರು ಸ್ವಲ್ಪ ಮಬ್ಬಾಯಿತು. ಅಣ್ಣ ಹೇಳಿದ್ದ ಬಣ್ಣವೇ. ಮುಂದಿನ ಸೋಮವಾರ ಆಫೀಸಿನಿಂದ ಬಂದು ನೋಡಿದರೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ನೀರು ಕನ್ನಡಿಯಂತಿತ್ತು. ತಳದಲ್ಲಿ ಹಾಸಿದ್ದ ಹರಳುಕಲ್ಲುಗಳು ಒಂದೊಂದೂ ತೊಳೆದ ಬೇಳೆಯಂತೆ ಎದ್ದು ಕಾಣುತ್ತಿದ್ದವು.

ಸೋಮವಾರ ನಮ್ಮಲ್ಲಿ ನೀರಿನ ಪಾತ್ರೆಗಳ ದಿನ. ಕೊಡ, ಹಂಡೆ, ಹರವಿ, ತಂಬಿಗೆ, ಎಲ್ಲದರ ಹಳೆಯ ನೀರು ಚೆಲ್ಲಿ, ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿ, ಹೊಸ ನೀರು ತುಂಬಿ, ವಿಭೂತಿ ಇಟ್ಟ ಮೇಲೆಯೇ ಒಲೆ ಹಚ್ಚುವುದು. ಅವ್ವ ಹಾಗೆ ಮಾಡುತ್ತಿದ್ದಳು. ನನ್ನ ಹೆಂಡತಿ ಅದನ್ನು ಒಂದು ವಾರವೂ ತಪ್ಪಿಸಿದವಳಲ್ಲ. ನೀರು ಮಬ್ಬಾದದ್ದನ್ನು ಕಂಡು ಅಂದು ಗಾಜಿನ ತೊಟ್ಟಿಗೂ ಅದೇ ಸೇವೆ ಮಾಡಿದ್ದಳು. ಹರಳುಗಳನ್ನು ಬುಟ್ಟಿಗೆ ಹಾಕಿ ಮೂರು ನೀರಿನಲ್ಲಿ ತೊಳೆದಿದ್ದಳು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿಯೂ ಇತ್ತು.

"ಯಾರು ಹೇಳಿದ್ರು ನಿನಗ ಇದನ್ನ ತಿಕ್ಕಾಕ?" ಎಂದು ಕೂಗಿದೆ.

"ಯಾರು ಹೇಳಬೇಕ್ರಿ? ಕುಡಿಯೋ ಕೊಡಾನ ವಾರಾ ವಾರಾ ತಿಕ್ಕತೀವಿ. ಜೀವ ಇರೋ ನೀರು ಅಂತೀರಿ, ಅದನ್ನ ಕೊಳಿಸಬೇಕೇನ್ರಿ? ಅದಕ್ಕs ಮೊನ್ನೆ ಸತ್ತಿದ್ದು ಅವು."

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದ. ಕೂಗು ಕೇಳಿ ಅಣ್ಣನ ಮನೆಯಿಂದ ಎದ್ದು ಬಂದಿದ್ದ. ವಿಷಯ ಏನೆಂದು ಕೇಳಿದ. ನನಗೆ ಗೊತ್ತಿದ್ದಷ್ಟು ಹೇಳಿದೆ: ಹಳೆಯ ನೀರಿನಲ್ಲಿ ಕಾಣದ ಜೀವಗಳು ಬೆಳೆಯಬೇಕು, ತೊಳೆದರೆ ಹೋಗುತ್ತವೆ, ಮತ್ತೆ ಮೊದಲಿನಿಂದ ಶುರು. ಅಪ್ಪ ತೊಟ್ಟಿಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ.

"ಅಂದ್ರ ಮೊಸರಿದ್ದಂಗ."

"ಮೊಸರು?"

"ಹೆಪ್ಪು ಹಾಕದs ಹಾಲು ಇಟ್ಟು ಕುಂತೀಯಲ್ಲೋ. ಅದು ಮೊಸರಾಗಂಗಿಲ್ಲ, ಒಡೀತೈತಿ." ಸೊಸೆಯ ಕಡೆ ತಿರುಗಿ, "ಒಂದು ತಂಬಿಗಿ ಕೊಡವ್ವಾ," ಅಂದ.

ತಂಬಿಗೆ ಹಿಡಿದುಕೊಂಡು ಕುಂಟುತ್ತಾ ಗೋಡೆಯಾಚೆಗೆ ಹೋದ. ಗೋಡೆ ತೆಳ್ಳಗಿತ್ತು, ಎಲ್ಲ ಕೇಳಿಸುತ್ತಿತ್ತು. "ನಿನ್ನ ತೊಟ್ಟಿ ತಳದಾಗಿನ ಹೊಲಸು ಒಂದು ತಂಬಿಗಿ ಹಾಕು," ಅಂದ ಅಪ್ಪ. ನೀರು ಕದಡಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅಪ್ಪ ಬಂದ, ಹಿಂದೆ ಅಣ್ಣನೂ ಬಂದ. ತಂಬಿಗೆಯಲ್ಲಿ ಕಂದು ರಾಡಿ, ಲೋಳೆ ಹಿಡಿದ ಒಂದು ಹಿಡಿ ಹರಳು.

"ಕೇಳಿದ್ರ ನಾನs ತಂದು ಕೊಡ್ತಿದ್ನಲ್ಲೋ ತಮ್ಮಾ," ಅಂದ ಅಣ್ಣ.

ಅದನ್ನೇ ನಾನು ಕೇಳಲಾರದೆ ಇದ್ದದ್ದು. ಅವನಿಗೂ ಅದು ಗೊತ್ತಿತ್ತು.

ಅಪ್ಪ ತಂಬಿಗೆಯನ್ನು ತೊಟ್ಟಿಯೊಳಗೆ ಬಗ್ಗಿಸಿದ. ಹೆಂಡತಿ ಸೆರಗು ಬಾಯಿಗೆ ಇಟ್ಟುಕೊಂಡು ಆಚೆ ತಿರುಗಿದಳು. ಆಮೇಲೆ ಅಪ್ಪ ತನ್ನ ಕುರ್ಚಿಯನ್ನು ಕಟ್ಟೆಯಿಂದ ತರಿಸಿ ತೊಟ್ಟಿಯ ಎದುರಿಗೆ ಹಾಕಿಸಿಕೊಂಡ.

"ಇನ್ನ ಸೋಮವಾರ ಇದರ ತಂಟಿಗೆ ಯಾರೂ ಬರಂಗಿಲ್ಲ. ಇದು ಹೆಪ್ಪು ಹಾಕಿದ ಗಡಿಗಿ. ಅಲುಗಾಡಿಸಿದ್ರ ನೀರೊಡೀತೈತಿ. ತಿಳೀತೇನವ್ವಾ?"

"ತಿಳೀತ್ರಿ ಮಾವಾರ. ವಿಭೂತಿ ಹಚ್ಚಬೌದೇನ್ರಿ?"

"ಹೊರಗ ಹಚ್ಚು."

ಅಂದಿನಿಂದ ಅಪ್ಪ ನಮ್ಮ ಮನೆಯಲ್ಲೇ ಕೂತ. ಕಾಣದ ಜೀವಗಳಿಗೂ ಊಟ ಬೇಕು ಎಂದು ನಾನು ಹೇಳಿದ್ದನ್ನು ಅಕ್ಷರಶಃ ತೆಗೆದುಕೊಂಡು, ಸಂಜೆ ದೀಪ ಹಚ್ಚುವ ಹೊತ್ತಿಗೆ ಹುರಿಗಡಲೆ ಹಿಟ್ಟನ್ನು ಎರಡು ಬೆರಳಿನಲ್ಲಿ ಚಿಟಿಕೆ ಹಿಡಿದು ನೀರಿನ ಮೇಲೆ ಉದುರಿಸುತ್ತಿದ್ದ. ಬೆರಳು ಅದ್ದಿ ಹರಳನ್ನು ಮುಟ್ಟಿ ಲೋಳೆ ಹಿಡಿಯಿತೇ ಎಂದು ನೋಡುತ್ತಿದ್ದ. ಮೂಸಿ ನೋಡುತ್ತಿದ್ದ. ಮೊದಲ ದಿನಗಳಲ್ಲಿ ಕೊಳೆತ ವಾಸನೆ, ಮತ್ತೆ ಘಾಟು ವಾಸನೆ, ಆಮೇಲೆ ಕೆರೆ ದಂಡೆಯ ಮಣ್ಣಿನ ವಾಸನೆ. ನಾನು ಬಸ್ಸಿಳಿದು ಬಂದರೆ ವರದಿ ತಯಾರಿರುತ್ತಿತ್ತು. ಚಪ್ಪಲಿ ನಮ್ಮ ಬಾಗಿಲಿನ ಮುಂದೆ ಇರುತ್ತಿತ್ತು. ನಾನು ಮೊದಲು ಅದನ್ನು ನೋಡಿ ಆಮೇಲೆ ಒಳಗೆ ಹೋಗುತ್ತಿದ್ದೆ.

ಖಾನಾವಳಿಯ ಕಾಲದ ಗೆಳೆಯರು ಬರತೊಡಗಿದರು. ಒಬ್ಬರು ಬಂದು ತೊಟ್ಟಿಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿದರು.

"ಏನ್ ನೋಡಾಕ ಹತ್ತೀಪಾ?" ಎಂದು ಅಪ್ಪನನ್ನು ಕೇಳಿದರು.

"ನೀರು," ಅಂದ ಅಪ್ಪ.

"ನೀರಾಗ ಏನೈತಿ?"

"ಬಂದಾವ. ಇನ್ನೂ ಸಂಸಾರ ಹೂಡಾಕ ಹತ್ಯಾವ."

"ಕಾಣವಲ್ಲವಲ್ಲೋ?"

"ಕಂಡಿದ್ರ ನೀ ಇಷ್ಟೊತ್ತಿಗೆ ಅವಕ್ಕೂ ಅಡಕಿ ಎಲಿ ಕೇಳ್ತಿದ್ದಿ."

ಎದುರು ಮನೆಯ ಮುದುಕಿ ಓಣಿಯಲ್ಲೆಲ್ಲ ಹೇಳಿದಳು: ಅಣ್ಣನ ಮನೆಯಲ್ಲಿ ಮೀನು, ತಮ್ಮನ ಮನೆಯಲ್ಲಿ ಮೀನಿಗೆ ಹಾಕುವ ಊಟ ಮಾತ್ರ. ಅಪ್ಪನಿಗೆ ಅದೂ ನಗು ತರಿಸಿತು. ಆ ನಗು ಈಗ ಗೋಡೆಯ ಈಚೆ ಇತ್ತು.

ಒಂದು ಸಂಜೆ ಅಣ್ಣ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ.

"ಅಪ್ಪಾ, ಬಾ ಸ್ವಲ್ಪ. ನಮ್ಮ ಮೀನು ಮರಿ ಹಾಕೈತಿ. ಸಾಸಿವಿಕಾಳು ಓಡಾಡಿದಂಗ ಕಾಣ್ತಾವ."

"ಹಾಕ್ಲಿ ಬಿಡು, ಚಲೋ ಆತು," ಅಂದ ಅಪ್ಪ, ಕುರ್ಚಿಯಿಂದ ಏಳದೆ. "ಇಲ್ಲಿ ನೀರು ಮಬ್ಬಾಗೈತಿ ನೋಡು. ಬಿಟ್ಟು ಬರಂಗಿಲ್ಲ."

"ನೀರು ಎಲ್ಲಿ ಓಡಿ ಹೋಗ್ತೈತಪಾ?"

"ನಾಳೆ ಸೋಮವಾರ ಐತಿ."

ಅಣ್ಣ ನನ್ನ ಕಡೆ ನೋಡಿದ. ಆ ನೋಟ ನನಗೆ ಪರಿಚಿತವಾಗಿತ್ತು. ಕೆಲವು ತಿಂಗಳು ಅದನ್ನು ನಾನೇ ಹೊತ್ತು ತಿರುಗಿದ್ದೆ. ಅವನ ಮೀನಿನ ಮರಿಗಳನ್ನು ನೋಡಲು ಅಂದು ನಾನು ಹೋಗಲಿಲ್ಲ. ಅವನು ನಿಂತು, ಚೌಕಟ್ಟಿಗೆ ಒಮ್ಮೆ ಕೈ ಬಡಿದು, ವಾಪಸು ಹೋದ.

ಮುಂಗಾರು ಬರುವ ಹೊತ್ತಿಗೆ ನೀರು ತಿಳಿಯಾಯಿತು. ಮೊದಲಿನ ಸ್ಫಟಿಕದ ತಿಳಿಯಲ್ಲ. ಗಾಜಿನ ಮೇಲೆ ತೆಳು ಕಂದು ಪೊರೆ, ಹರಳಿನ ಮೇಲೆ ಹಸಿರು, ಅದರ ನಡುವೆ ಆಳ ಕಾಣುವ ನೀರು. ಅಪ್ಪ ಚಿಟಿಕೆ ಹಿಟ್ಟು ಹಾಕಿದರೆ ಮರುದಿನಕ್ಕೆ ವಾಸನೆಯೇ ಇರುತ್ತಿರಲಿಲ್ಲ.

"ಆತು ನೋಡು. ಇನ್ನ ಮೀನು ತಾ."

"ಇನ್ನೊಂದು ವಾರ ನೋಡೋಣಪಾ," ಅಂದೆ.

ಮುಂದಿನ ವಾರವೂ ಅದನ್ನೇ ಅಂದೆ. ಅದರ ಮುಂದಿನ ವಾರ ಆಫೀಸಿನಲ್ಲಿ ಕೆಲಸ ಹೆಚ್ಚಿದೆ, ದಾವಣಗೆರೆಗೆ ಹೋಗಲು ಆಗದು ಎಂದೆ. ಕಾವಲು ಬೇಕಾಗಿದ್ದುದು ಹೊಸ ನೀರಿಗೆ. ಮೀನು ಬಂದ ಮೇಲೆ ಅಪ್ಪನಿಗೆ ಇಲ್ಲಿ ಇರುವುದೂ ಅಲ್ಲಿ ಇರುವುದೂ ಒಂದೇ ಆಗುತ್ತಿತ್ತು. ಹೆಂಡತಿಗೆ ಇದು ತಿಳಿಯಿತು. "ನೀರು ಆಗೇತ್ರಿ, ನೀವs ಆಗಿಲ್ಲ," ಅಂದಳು.

ಇದಾಗಿ ಸ್ವಲ್ಪ ದಿನಕ್ಕೆ, ಒಂದು ಸೋಮವಾರ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವಾಗ ಗೋಡೆಯಾಚೆ ಏನೋ ತಿಕ್ಕುವ ಸದ್ದು ಕೇಳುತ್ತಿತ್ತು. ಪಾತ್ರೆ ತಿಕ್ಕುವ ಸದ್ದಲ್ಲ, ಕಲ್ಲು ಕಲ್ಲಿಗೆ ಉಜ್ಜುವ ಸದ್ದು. ಬಾಗಿಲು ತೆರೆದರೆ ಅಣ್ಣ ಎರಡು ಬಕೆಟ್ ಹಿಡಿದು ಕಟ್ಟೆಯ ಮೇಲೆ ನಿಂತಿದ್ದ. ಬಕೆಟ್ಟುಗಳಲ್ಲಿ ಅವನ ಮೀನುಗಳಿದ್ದವು. ದೊಡ್ಡವು, ಸಣ್ಣವು, ಮರಿಗಳು, ಎಲ್ಲ.

"ನನ್ನ ತೊಟ್ಟಿ ಸೋರಾಕ ಹತ್ತೈತಿ ತಮ್ಮಾ. ಬಿಚ್ಚಿ ಹೊಸ ಪುಟ್ಟಿ ಹಚ್ಚಬೇಕು. ನಿನ್ನ ನೀರು ತಯಾರೈತಂತಲ್ಲ. ಇವನ್ನ ನೀ ಇಟ್ಟುಕೋ."

"ವಾಪಸು ಯಾವಾಗ?"

"ಇಟ್ಟುಕೋ ಅಂದೆ. ನಿನಗ ಕೊಟ್ಟೆ."

ಅಪ್ಪ ಎದ್ದು ಬಂದು ಬಕೆಟ್ಟಿನೊಳಗೆ ನೋಡಿ ಸಂತೋಷಪಟ್ಟ. ಮೂವರೂ ಸೇರಿ ಮೀನುಗಳನ್ನು ಬಿಟ್ಟೆವು. ಅಣ್ಣ ಒಂದೊಂದನ್ನೂ ಅಂಗೈಯಲ್ಲಿ ಹಿಡಿದು ಬಿಟ್ಟ. ಕೆಲಸ ಮುಗಿದ ಮೇಲೆ ಖಾಲಿ ಬಕೆಟ್ ಕೊಡಲು ನಾನೇ ಅವನ ಮನೆಗೆ ಹೋದೆ. ತೊಟ್ಟಿ ಇದ್ದ ಜಾಗದಲ್ಲಿ ಕೆಳಗೆ ಹಾಸಿದ್ದ ಗೋಣಿಚೀಲವನ್ನು ಮುಟ್ಟಿ ನೋಡಿದೆ. ಒಣಗಿತ್ತು. ಹಿತ್ತಲಿನಲ್ಲಿ ಅತ್ತಿಗೆ ಹರಳುಗಳನ್ನು ಬುಟ್ಟಿಯಲ್ಲಿ ಹಾಕಿಕೊಂಡು ಉಜ್ಜುತ್ತಿದ್ದಳು.

"ಇವನ್ಯಾಕ ತೊಳೀತೀ ಅತ್ತಿಗೀ? ಇಷ್ಟು ದಿನದ ಲೋಳೆ ಹೋತಲ್ಲ."

"ನನಗೇನು ಗೊತ್ತಪಾ? ಒಂದು ಕಲ್ಲಿಗೂ ಜಿಡ್ಡು ಉಳೀಬಾರದು, ಹುಣಸಿಹಣ್ಣು ಹಾಕಿ ತಿಕ್ಕು ಅಂದ್ರು ನಿಮ್ಮಣ್ಣ. ತಿಕ್ಕಾಕ ಹತ್ತೀನಿ."

ಅಂದು ಸಂಜೆ ನಮ್ಮ ತೊಟ್ಟಿಯಲ್ಲಿ ಎಲ್ಲ ಮೀನುಗಳೂ ಆರೋಗ್ಯವಾಗಿದ್ದವು. ಒಂದೂ ಬಾಯಿ ಬಿಡಲಿಲ್ಲ. ಅಪ್ಪ ಅವಕ್ಕೆ ಹಿಟ್ಟು ಹಾಕಿದ, ಹೆಸರಿಡಬೇಕೆಂದ, ಸೊಸೆಗೆ ಮರಿಗಳನ್ನು ತೋರಿಸಿದ. ಎರಡನೆಯ ದಿನವೂ ಕೂತ. ಮೂರನೆಯ ದಿನ ನಾನು ಬಂದಾಗ ಬಾಗಿಲಿನ ಮುಂದೆ ಚಪ್ಪಲಿ ಇರಲಿಲ್ಲ.

"ಮಾವಾರು ನಮ್ಮ ತೊಟ್ಟಿ ತಳದಾಗಿಂದ ಒಂದು ತಂಬಿಗಿ ರಾಡಿ ತಗೊಂಡು ಆ ಮನಿಗೆ ಹೋಗ್ಯಾರ," ಅಂದಳು ಹೆಂಡತಿ. "ಅವರ ನೀರು ಹೊಸಾದಂತ್ರಿ. ಹೆಪ್ಪು ಹಾಕಬೇಕಂತ. ಕುರ್ಚೀನೂ ಒಯ್ದಾರ."

ಗೋಡೆಯಾಚೆ ಅಪ್ಪ ಅತ್ತಿಗೆಗೆ ಸೋಮವಾರದ ನಿಯಮ ಹೇಳುತ್ತಿದ್ದ. ನಾನು ನಮ್ಮ ತೊಟ್ಟಿಯ ಮುಂದೆ ಕೂತು ಚಹಾ ಕುಡಿದೆ. ಮೀನುಗಳು ಗಾಜಿಗೆ ಮುಖ ಹಚ್ಚಿ ಹಿಟ್ಟಿಗಾಗಿ ನೋಡುತ್ತಿದ್ದವು. ಓಣಿಯ ಮಕ್ಕಳೆಲ್ಲ ಈಗ ನಮ್ಮ ಮನೆಗೆ ಬರುತ್ತಿದ್ದರು. ಎದುರು ಮನೆಯ ಮುದುಕಿಯೂ ಒಳಗೆ ಬಂದು ನೋಡಿ ಹೋದಳು. ಅಪ್ಪ ಊಟಕ್ಕೆ ಬಂದಾಗ ನೀರಿನ ಸುದ್ದಿ ಹೇಳುತ್ತಿದ್ದ. ಮಬ್ಬಾಯಿತು, ವಾಸನೆ ಬದಲಾಯಿತು, ಕಲ್ಲು ಜಾರುತ್ತದೆ.

ದೀಪಾವಳಿಯ ಹೊತ್ತಿಗೆ ಅಣ್ಣನ ನೀರು ತಿಳಿಯಾಗಿತ್ತು. ಅದನ್ನು ನಾನೇ ಹೋಗಿ ನೋಡಿದೆ. ನಮ್ಮಲ್ಲಿ ಮರಿಗಳು ದೊಡ್ಡವಾಗಿ ತೊಟ್ಟಿ ತುಂಬಿತ್ತು. ಅರ್ಧ ಕೊಡುತ್ತೇನೆ ಎಂದೆ.

ಅಣ್ಣ ಗಾಜಿನೊಳಗೆ ನೋಡುತ್ತಾ ಹೇಳಿದ: "ಇನ್ನೊಂದು ವಾರ ನೋಡೋಣ ತಮ್ಮಾ."

ಅಪ್ಪ ಕುರ್ಚಿಯಲ್ಲಿ ಕೂತೇ, "ಅವಸರ ಇಲ್ಲ ಬಿಡು," ಅಂದ.

1985ರ ಜೂನ್‌ನಲ್ಲಿ ನನಗೆ ಹಡಗಲಿಗೆ ವರ್ಗವಾಯಿತು. ಅಲ್ಲಿ ಬಾಡಿಗೆ ಮನೆ ಹಿಡಿದೆ. ಅಪ್ಪನಿಗೆಂದು ಬೀದಿಗೆ ಕಿಟಕಿ ಇರುವ ಕೋಣೆ ನೋಡಿದ್ದೆ. ಊಟ, ಹಾಸಿಗೆ ನನ್ನ ಪಾಲು ಎಂದು ಹಿರಿಯರು ಹೇಳಿದ್ದನ್ನೂ ನೆನಪಿಸಿದೆ. ಅಪ್ಪ ನಾನು ಹೇಳುವುದನ್ನೆಲ್ಲ ಕೇಳಿದ.

"ಬರ್ತೀನಿ. ನೀ ಮುಂದ ಹೋಗಿರು. ಇದರ ನೀರು ಇನ್ನೂ ಆಗಿಲ್ಲ. ನಿಮ್ಮಣ್ಣ ಮೀನು ಬಿಟ್ಟ ಮ್ಯಾಲೆ ಬರ್ತೀನಿ."

ಅಣ್ಣ ಬಾಗಿಲಲ್ಲಿ ನಿಂತು ಲಾರಿಯವನಿಗೆ ನಮ್ಮ ಸಾಮಾನುಗಳನ್ನು ಹಗ್ಗ ಹಾಕಿ ಕಟ್ಟಲು ಹೇಳುತ್ತಿದ್ದ. ನಮ್ಮ ಮೀನುಗಳು ಹಳೆಯ ನೀರು, ಹಳೆಯ ಹರಳಿನ ಸಮೇತ ಎರಡು ಹಂಡೆಗಳಲ್ಲಿ ಹಡಗಲಿಗೆ ಬಂದವು. ಒಂದೂ ಸಾಯಲಿಲ್ಲ.

ಆ ವರ್ಷದ ದಸರಾ ರಜೆಯಲ್ಲಿ ಕೊಟ್ಟೂರಿಗೆ ಹೋದೆ. ಅಣ್ಣನ ತೊಟ್ಟಿಯಲ್ಲಿ ನೀರು ತಿಳಿಯಾಗಿತ್ತು. ಮೀನು ಇರಲಿಲ್ಲ. ಅಪ್ಪ ಎದುರಿಗೆ ಕೂತು ಹಿಟ್ಟು ಹಾಕುತ್ತಿದ್ದ.